ಹತ್ತು ಕೋಟಿ ಒಂದು

ಬೆಳಗಿನ ಏಳು ಐವತ್ತೆರಡರ ಅಂಬರನಾಥ ಲೋಕಲ್ಲಿನ ಮೂರನೆಯ ಡಬ್ಬಿಯಲ್ಲಿ ವಿರುಪಾಕ್ಷಪ್ಪನಿಗೆ ಒಂದು ಕಿಟಕಿ ಇತ್ತು. ರೇಲ್ವೆಯವರು ಬರೆದುಕೊಟ್ಟದ್ದಲ್ಲ, ಮಂದಿ ಕೊಟ್ಟದ್ದು. ಡೊಂಬಿವಲಿಯಲ್ಲಿ ಆ ಹೊತ್ತಿಗೆ ಗಾಡಿ ಹತ್ತಿ ಎರಡೂ ಕಾಲೂರಲು ಜಾಗ ಸಿಕ್ಕರೆ ಅದೇ ದೊಡ್ಡದು. ಅಂಥದರಲ್ಲಿ ಈತ ಡಬ್ಬಿಯ ಒಳಗೆ ಬಂದರೆ ಕಿಟಕಿಯ ಪಕ್ಕ ಒಂದು ಕರವಸ್ತ್ರ ಹಾಸಿರುತ್ತಿತ್ತು. ಹಿಂದಿನ ನಿಲ್ದಾಣಗಳಲ್ಲಿ ಹತ್ತಿದವರು ಹಾಸಿಟ್ಟದ್ದು. ಅದನ್ನೆತ್ತಿ, ಮಡಚಿ ಕೊಟ್ಟು ಕೂತರೆ ಠಾಣೆಯವರೆಗೆ ಅವನೇ ರಾಜ.

ಯಾಕೆಂದರೆ ಅವನಿಗೆ ಅಂಕಿಗಳು ಹೇಳಿದಂತೆ ಕೇಳುತ್ತಿದ್ದವು. ತಿಂಗಳ ಮೊದಲ ವಾರ ಹೊಸ ಪಾಸು ಮಾಡಿಸಿದವರೆಲ್ಲ ಅದರ ನಂಬರನ್ನು ಅವನ ಮೂಗಿನ ಮುಂದೆ ಹಿಡಿಯುತ್ತಿದ್ದರು. "ನಂದು ಗಟ್ಟಿ ಅದನೋ ಮೆತ್ತಗ ಅದನೋ ನೋಡ್ರಿ." ಯಾವುದರಿಂದಲೂ ಭಾಗವಾಗದ ಸಂಖ್ಯೆ ಗಟ್ಟಿ, ಒಡೆಯುವುದು ಮೆತ್ತಗೆ. ಗಟ್ಟಿ ನಂಬರು ಬಂದ ತಿಂಗಳು ಒಳ್ಳೆಯದೆಂದು ಆ ಡಬ್ಬಿಯಲ್ಲಿ ಅದು ಹೇಗೋ ನಂಬಿಕೆಯಾಗಿಬಿಟ್ಟಿತ್ತು. ವಿರುಪಾಕ್ಷಪ್ಪ ಕಣ್ಣು ಮುಚ್ಚುತ್ತಿದ್ದ. ದಿವಾ ನಿಲ್ದಾಣ ಬರುವುದರೊಳಗೆ ಕಣ್ಣು ತೆರೆದು, "ಮೂವತ್ತು ಸಾವಿರದ ಮೂವತ್ತೊಂದು. ನೋಡಾಕ ಗಟ್ಟಿ, ಒಳಗ ಮೆತ್ತಗ. ಐವತ್ತೊಂಬತ್ತನ್ನ ಐದನೂರ ಒಂಬತ್ತರಲೆ ಗುಣಸ್ರಿ, ಬರ್ತದ" ಎನ್ನುತ್ತಿದ್ದ. ಒಡೆಯುವುದಷ್ಟೇ ಅಲ್ಲ, ಸಂಖ್ಯೆಯನ್ನು ನಡುವೆ ಕತ್ತರಿಸುವುದು, ತುಂಡುಗಳ ವರ್ಗ ಮಾಡುವುದು, ಕೂಡಿಸುವುದು, ಏನಾದರೂ ಚಮತ್ಕಾರ ಹೊರಬೀಳುವವರೆಗೆ ಅದನ್ನು ಅವನು ಬಿಡುತ್ತಿರಲಿಲ್ಲ.

ವಿಜಾಪುರದಲ್ಲಿ ಇಂಟರ್ ಸೈನ್ಸಿಗೆ ಓದು ನಿಂತು, ಠಾಣೆಯ ಒಂದು ಕಾರ್ಖಾನೆಯ ಟೈಮ್ ಆಫೀಸಿನಲ್ಲಿ ಕಾರಕೂನನಾಗಿ ಹದಿನಾಲ್ಕು ವರ್ಷವಾಗಿತ್ತು. ಅಲ್ಲಿ ಯಾರು ಎಷ್ಟು ಗಂಟೆಗೆ ಬಂದರು, ಎಷ್ಟು ಗಂಟೆಗೆ ಹೋದರು ಎಂಬ ಕಾರ್ಡು ಜೋಡಿಸುವುದು ಅವನ ಕೆಲಸ. ಮನೆಯಲ್ಲಿ ಹೆಂಡತಿ, ಎರಡು ಮಕ್ಕಳು, ಒಂದೂವರೆ ಕೋಣೆ. ಇಡೀ ದಿನದಲ್ಲಿ ಮಂದಿ ಅವನ ಬಾಯಿಯನ್ನೇ ನೋಡುತ್ತ ಕೂರುವುದು ಡೊಂಬಿವಲಿಯಿಂದ ಠಾಣೆಯವರೆಗಿನ ಆ ಅರ್ಧ ಗಂಟೆ ಮಾತ್ರ.

ಅವನದೇ ಒಂದು ಸಂಖ್ಯೆಯೂ ಇತ್ತು. ಹತ್ತು ಕೋಟಿ ಒಂದು. ಮುಂದೊಂದು ಒಂದು, ಹಿಂದೊಂದು ಒಂದು, ನಡುವೆ ಏಳು ಸೊನ್ನೆ. ವರ್ಷಗಳ ಹಿಂದೆ ಅದನ್ನು ಹಿಡಿದು ದಿನಕ್ಕೊಂದು ಸಂಖ್ಯೆಯಿಂದ ಭಾಗಿಸಿ ನೋಡಿದ್ದ. ಇವತ್ತು ಏಳು, ನಾಳೆ ಹನ್ನೊಂದು, ನಾಡಿದ್ದು ಹದಿಮೂರು. ಒಂದು ಪ್ರಯಾಣಕ್ಕೆ ಒಂದು ಭಾಜಕ. ಹೀಗೆ ತೊಂಬತ್ತೇಳರವರೆಗೆ ಬಂದು, ಯಾವುದೂ ಹೋಗದ್ದನ್ನು ಕಂಡು, ಗಟ್ಟಿ ಎಂದು ಸಾರಿಬಿಟ್ಟಿದ್ದ. ನೂರರ ಆಚೆಯೂ ನೋಡಬೇಕೆಂದು ಅವನಿಗೆ ಗೊತ್ತಿಲ್ಲದೆ ಇರಲಿಲ್ಲ. ಆದರೆ ಸಾರಿದ ಮೇಲೆ ಯಾರು ನೋಡುತ್ತಾರೆ?

"ಇದನ್ನ ಒಡದವ್ರಿಗೆ ನನ್ನ ಕಿಟಕಿ ಬಿಟ್ಟಕೊಟ್ಟು ನಾ ನಿಂತ ಹೋಗ್ತೀನಿ" ಎಂದು ಅವನು ಎಷ್ಟೋ ಸಲ ಹೇಳಿದ್ದ. ಹೋಟೆಲ್ ಕ್ಯಾಂಟೀನು ನೋಡಿಕೊಳ್ಳುವ ಕಾರ್ಕಳದ ಗುಣಪಾಲ, "ಕಿಟಕಿ ಎಂತಕ್ಕೆ ಮಾರಾಯ್ರೆ, ನಮ್ಮ ತಲೆಯೇ ಒಡೆದು ಹೋದೀತು" ಎಂದು ಕೈ ಮುಗಿಯುತ್ತಿದ್ದ. ಬ್ಯಾಂಕಿನ ಹೃಷೀಕೇಶ ಒಂದೆರಡು ದಿನ ಪ್ರಯತ್ನಿಸಿ ಬಿಟ್ಟಿದ್ದ. ಕಿಟಕಿ ಭದ್ರವಾಗಿತ್ತು.

ಎಪ್ಪತ್ತೊಂಬತ್ತರ ಮಳೆಗಾಲದಲ್ಲಿ, ಕರವಸ್ತ್ರ ಹಾಸುತ್ತಿದ್ದ ಕಾಡಪ್ಪನಿಗೆ ವಾಶಿಯ ಕಡೆ ಕ್ವಾರ್ಟರ್ಸ್ ಸಿಕ್ಕಿ ಅವನು ಈ ಗಾಡಿ ಬಿಟ್ಟ. ಅವನ ಬದಲು ಬಂದವನು ಸೈದಪ್ಪ.

ಸೈದಪ್ಪ ಕಲಬುರಗಿ ಕಡೆಯವನು, ಡೊಂಬಿವಲಿಗೆ ಮೊದಲೇ ಸಿಗುವ ವಿಠ್ಠಲವಾಡಿಯ ಚಾಳೊಂದರಲ್ಲಿದ್ದ. ಆರು ವರ್ಷ ಭಿವಂಡಿಯ ಮಗ್ಗದ ಕಾರಖಾನೆಯಲ್ಲಿ ದುಡಿದು, ಈಗ ಠಾಣೆಯ ಮಾಜಿವಾಡಾದಲ್ಲಿ ಅದೇ ಕೆಲಸ ಹಿಡಿದಿದ್ದ. ಮಗ್ಗಕ್ಕೆ ಹಾಸು ಹೂಡುವ ಕೆಲಸ. ನೂರಾರು ನೂಲಿನ ಕೋನುಗಳನ್ನು ಚೌಕಟ್ಟಿಗೆ ಸಿಕ್ಕಿಸಿ, ಸಾವಿರಾರು ಎಳೆಗಳನ್ನು ಸಾಲುಸಾಲಾಗಿ ಎಳೆದು ಉರುಳೆಗೆ ಸುತ್ತಬೇಕು. ಒಂದು ಎಳೆ ಹೆಚ್ಚಾದರೂ ಕಮ್ಮಿಯಾದರೂ ಬಟ್ಟೆ ಕೆಡುತ್ತದೆ. ಶಾಲೆಯ ಮೆಟ್ಟಿಲು ಹತ್ತಿದವನಲ್ಲ. ಅಂಕಿ ಓದಲು ಬರುತ್ತಿತ್ತು, ಹೆಸರು ಗೀಚಲು ಬರುತ್ತಿತ್ತು, ಅಷ್ಟೇ. ಕಿಟಕಿಗೆ ಕರವಸ್ತ್ರ ಹಾಸಿ, ತಾನು ಎದುರು ನಿಂತು, "ಬರ್ರಿ ಸಾಹೇಬ್ರ, ಕೂಡ್ರಿ" ಎನ್ನುತ್ತಿದ್ದ.

ಮೊದಲ ಮುಳ್ಳು ಚುಚ್ಚಿದ್ದು ಜುಲೈ ಮೊದಲ ವಾರದಲ್ಲಿ. ಹೃಷೀಕೇಶ ಪಾಸು ಚಾಚಿದ್ದ, ಇಪ್ಪತ್ತೊಂಬತ್ತು ಸಾವಿರದ ಎಂಬತ್ತೊಂದು. ವಿರುಪಾಕ್ಷಪ್ಪ ಕಣ್ಣು ಮುಚ್ಚಿದ್ದನಷ್ಟೇ.

"ಹದಿಮೂರರ ಸಾಲಿಗೆ ಸರಿ ಕೂಡತದ್ರಿ ಅದು" ಎಂದಿತು ಒಂದು ದನಿ.

ವಿರುಪಾಕ್ಷಪ್ಪ ಕಣ್ಣು ತೆರೆದ. ಸೈದಪ್ಪ ಮೇಲಿನ ಹಿಡಿಗೆ ಜೋತುಕೊಂಡು ಹೊರಗೆ ನೋಡುತ್ತಿದ್ದ. ಹೃಷೀಕೇಶ ಪಾಸಿನ ಹಿಂದೆ ಪೆನ್ನಿನಲ್ಲಿ ಭಾಗಿಸಿ, "ಅರೆ! ಹೋಗ್ತದ ನೋಡ್ರಿ, ಬರಾಬರಿ!" ಎಂದ.

"ಅಲ್ಲಪ್ಪ, ನೀವು ಇಷ್ಟು ದಿವಸ ಎಲ್ಲಿ ಅಡಗಿದ್ದಿರಿ?" ಎಂದು ಗುಣಪಾಲ ಸೈದಪ್ಪನ ಬೆನ್ನು ತಟ್ಟಿದ. ಎಲ್ಲರೂ ನಕ್ಕರು. ವಿರುಪಾಕ್ಷಪ್ಪನೂ ನಕ್ಕ. ನಕ್ಕದ್ದು ತುಟಿ ಮಾತ್ರ.

ಅಂದಿನಿಂದ ಪಾಸು ಚಾಚುವ ಕೈಗಳು ನಡುದಾರಿಯಲ್ಲಿ ತಡವರಿಸತೊಡಗಿದವು. ಕಿಟಕಿಯತ್ತ ಬರಬೇಕಾದ ಕೈ ಒಂದು ಗಳಿಗೆ ಹಿಡಿಗೆ ಜೋತವನತ್ತ ತಿರುಗುತ್ತಿತ್ತು. ಆ ಒಂದು ಗಳಿಗೆಯನ್ನು ವಿರುಪಾಕ್ಷಪ್ಪ ದಿನವಿಡೀ ಹೊಟ್ಟೆಯಲ್ಲಿಟ್ಟುಕೊಂಡು ಇರುತ್ತಿದ್ದ. ಅವನಿಗೆ ಉರಿಯುತ್ತಿದ್ದುದು ಸೋಲಿಗಲ್ಲ. ತಾನು ಕಣ್ಣು ಮುಚ್ಚಿ ಬೆವರಿ ಹುಡುಕುವುದನ್ನು ಅವನು ಕಿಟಕಿಯಾಚೆ ಎಮ್ಮೆ ನೋಡುತ್ತ ಹೇಳಿಬಿಡುತ್ತಾನಲ್ಲ, ಅದಕ್ಕೆ. ಅವನಿಗೆ ಅದು ದೊಡ್ಡದೆಂದೂ ಅನಿಸುವುದಿಲ್ಲವಲ್ಲ, ಅದಕ್ಕೆ.

"ಏನ್ ಆಗೇದ ನಿಮಗ?" ಎಂದಳು ಹೆಂಡತಿ ಪಾರವ್ವ. "ರೊಟ್ಟಿ ತಿನ್ನೂದ ಬಿಟ್ಟು ರೊಟ್ಟಿ ಎಣಸಾಕತ್ತೀರಿ."

"ಏನಿಲ್ಲ. ಗಾಡಿಯೊಳಗ ಒಬ್ಬ ಶಾಣ್ಯಾ ಬಂದಾನ."

"ಬಂದ್ರ ಬರವಲ್ಲನ್ಯಾಕ. ಅವಂದೇನು ನೀವು ಹೊರೂದದನು?"

ಆಗಸ್ಟಿನ ಒಂದು ಬೆಳಿಗ್ಗೆ ಗುಣಪಾಲನೇ ಕಿಡಿ ಹಚ್ಚಿದ. ಗಾಡಿ ದಿವಾ ಬಿಟ್ಟಿತ್ತು. "ಸೈದಪ್ಪ, ನಮ್ಮ ಇವರದ್ದೊಂದು ನಂಬರ್ ಉಂಟು ನೋಡಿ, ಹತ್ತು ಕೋಟಿ ಒಂದು. ಎಂಟು ವರ್ಷದಿಂದ ಯಾರಿಗೂ ಒಡೀಲಿಕ್ಕೆ ಆಗಲಿಲ್ಲ. ಒಡೆದರೆ ಕಿಟಕಿ ನಿಮ್ಮದೇ."

ಸೈದಪ್ಪ ಮೊದಲ ಸಲ ಕಿಟಕಿಯಾಚೆ ನೋಡುವುದನ್ನು ಬಿಟ್ಟ. ಹೆಬ್ಬೆರಳು ಉಳಿದ ಬೆರಳುಗಳ ಗೆರೆಗಳ ಮೇಲೆ ಓಡಾಡಿತು. ತುಟಿ ಅಲ್ಲಾಡಿತು. ಮುಂಬ್ರಾ ಬರುವ ಮೊದಲು ಅವನು, ತಪ್ಪು ಮಾಡಿದವನಂತೆ, "ಹದಿನೇಳು ಹೋಗ್ತದಲ್ರಿ ಸಾಹೇಬ್ರ" ಎಂದ.

"ಹೋಗಂಗಿಲ್ಲ. ನಾ ನೋಡೀನಿ."

"ಭಿವಂಡಿಯಾಗ ನಮ್ಮ ಚೌಕಟ್ಟಿಗಿ ಹದಿನೇಳು ಸಾಲ ಇದ್ದುವ್ರಿ. ಆರು ವರ್ಷ ಅದೇ ಲೆಕ್ಕ. ನೋಡ್ರಿ, ನೂರು ಎಳಿ ತಗೊಂಡ್ರ, ಹದಿನೇಳಾರ್ಲೆ ನೂರಾ ಎರಡು, ಎರಡು ಕಮ್ಮಿ ಬೀಳ್ತಾವ. ಅಂಥವು ನೂರು ನೂರು ಅಂದ್ರ ಹತ್ತು ಸಾವಿರ. ಇನ್ನೂರು ಕಮ್ಮಿ. ಹೌದಿಲ್ರಿ? ಹನ್ನೆರಡು ಹದಿನೇಳು ಬಿಚ್ಚಿದ್ರ ಇನ್ನೂರ ನಾಕು ಎಳಿ ಕೈಗಿ ಬರ್ತಾವ. ಇನ್ನೂರು ತುಂಬ್ತು, ನಾಕು ಉಳದ್ವು."

"ಹತ್ತು ಸಾವಿರಕ್ಕೆ ನಾಲ್ಕು ಉಳೀತು," ಎಂದ ಹೃಷೀಕೇಶ. "ಸರಿ."

"ಹತ್ತು ಸಾವಿರದಂಥವು ಹತ್ತು ಸಾವಿರ ಅಂದ್ರ ನಿಮ್ಮ ಹತ್ತು ಕೋಟಿ. ಒಂದೊಂದಕ್ಕ ನಾಕು ಉಳದ್ರ, ನಾಕರಂಥವು ಹತ್ತು ಸಾವಿರ ಉಳದಂಗ. ಹತ್ತು ಸಾವಿರಕ್ಕ ಉಳಿಯೂದು ನಾಕ ಅಲ್ರಿ? ನಾಕ ನಾಕ್ಲೆ ಹದಿನಾರು. ಮ್ಯಾಲ ನಿಮ್ದೊಂದು ಹಾಕ್ರಿ. ಹದಿನೇಳಾತು. ಸಾಲ ಪೂರಾ."

ವಿರುಪಾಕ್ಷಪ್ಪನಿಗೆ ಆ ಕ್ಷಣ ಹದಿನೇಳರ ದಿನ ನೆನಪಾಯಿತು. ಎಂಟು ವರ್ಷದ ಹಿಂದಿನ ಒಂದು ಸೋಮವಾರ. ಒಳಗೆ ಜಾಗ ಸಿಗದೆ ಬಾಗಿಲಲ್ಲಿ ನೇತಾಡುತ್ತ ಹೋಗಿದ್ದ, ಮನಸ್ಸಿನಲ್ಲೇ ಭಾಗಿಸಿದ್ದ, ಕಾಲು ಜಾರಿ ಲೆಕ್ಕ ತಪ್ಪಿತ್ತು, ಎರಡು ಉಳಿಯಿತೆಂದುಕೊಂಡು ಮರುದಿನ ಹತ್ತೊಂಬತ್ತಕ್ಕೆ ಹೋಗಿದ್ದ. ಒಮ್ಮೆಯೂ ತಿರುಗಿ ನೋಡಿರಲಿಲ್ಲ.

"ಬಾಯಿ ಮಾತು ಯಾಕ," ಎಂದ ಅವನು. "ಕಾಗದದ ಮ್ಯಾಲೆ ನೋಡೂಣು."

ಸಿಗರೇಟಿನ ಖಾಲಿ ಪಾಕೀಟು ಬಿಚ್ಚಿ, ಮೊಣಕಾಲ ಮೇಲಿಟ್ಟು ಭಾಗಾಕಾರ ಹಾಕಿದ. ನೂರರಲ್ಲಿ ಐದು ಸಲ, ಹದಿನೈದು ಉಳಿಯಿತು. ನೂರೈವತ್ತರಲ್ಲಿ ಎಂಟು. ನೂರನಲವತ್ತರಲ್ಲಿ ಎಂಟು. ನಲವತ್ತರಲ್ಲಿ ಎರಡು. ಅರವತ್ತರಲ್ಲಿ ಮೂರು, ಅರವತ್ತರಿಂದ ಐವತ್ತೊಂದು ಕಳೆದರೆ ಒಂಬತ್ತು. ಅಲ್ಲಿ ಅವನಿಗೆ ಮುಂದಿನದೆಲ್ಲ ಕಾಣಿಸಿಬಿಟ್ಟಿತು. ತೊಂಬತ್ತರಲ್ಲಿ ಐದು, ಐವತ್ತೊಂದರಲ್ಲಿ ಮೂರು, ಉಳಿದದ್ದು ಸೊನ್ನೆ. ಆ ಸೊನ್ನೆಯ ಹಿಂದೆ ಕಿಟಕಿ, ಕರವಸ್ತ್ರ, ಹದಿನಾಲ್ಕು ವರ್ಷ.

ಪೆನ್ನಿನ ತುದಿ ಒಂಬತ್ತರ ಜಾಗದಲ್ಲಿ ಎಂಟು ಬರೆಯಿತು.

ಗಾಡಿ ಅಲ್ಲಾಡಿತು, ಕೈ ತಪ್ಪಿತು ಎಂದು ಹೇಳಿಕೊಳ್ಳಬಹುದಿತ್ತು. ಆದರೆ ಗಾಡಿ ಆಗ ಕಳವಾ ನಿಲ್ದಾಣದಲ್ಲಿ ನಿಂತಿತ್ತು.

"ಎಂಬತ್ತರೊಳಗ ನಾಲ್ಕು. ನೂರಾ ಇಪ್ಪತ್ತೊಂದರೊಳಗ ಏಳು. ಎರಡು ಉಳೀತು," ಎಂದು ಪಾಕೀಟನ್ನು ಎತ್ತಿ ತೋರಿಸಿದ. ಠಾಣೆಗೆ ಇಳಿಯುವವರೆಲ್ಲ ಆಗಲೇ ಎದ್ದು ಬಾಗಿಲತ್ತ ಒತ್ತುತ್ತಿದ್ದರು. ಯಾರೂ ಒಂದೊಂದೇ ಅಂಕಿ ನೋಡಲಿಲ್ಲ. ಕೊನೆಯ ಎರಡನ್ನು ಮಾತ್ರ ನೋಡಿದರು.

"ಛೆ, ಕಿಟಕಿ ತಪ್ಪಿತಲ್ಲ ಮಾರಾಯ್ರೆ!" ಎಂದ ಗುಣಪಾಲ.

ಸೈದಪ್ಪ ಪಾಕೀಟು ಇಸಿದುಕೊಂಡು ನೋಡಿದ. ಭಾಗಾಕಾರದ ಮೆಟ್ಟಿಲುಗಳು ಅವನಿಗೆ ಓದಲು ಬರುತ್ತಿರಲಿಲ್ಲ. "ಕಾಗದದಾಗ ಬಂದ ಮ್ಯಾಲ ಅದೇ ಖರೆ ಬಿಡ್ರಿ. ನಾ ಎಲ್ಲೋ ಎಡವೀನಿ," ಎಂದ. ಮರುದಿನ ಎಂದಿನಂತೆ ಕರವಸ್ತ್ರ ಹಾಸಿತ್ತು.

ಒಂದು ವಾರ ವಿರುಪಾಕ್ಷಪ್ಪನಿಗೆ ಊಟ ರುಚಿಸಿತು. ಆಮೇಲೆ ಒಂದು ದಿನ ಸೈದಪ್ಪ ಸಂಕೋಚದಿಂದ ಬಗ್ಗಿ, "ಸಾಹೇಬ್ರ, ಎರಡು ಸಾವಿರದ ಮುನ್ನೂರ ಹನ್ನೆರಡು ಎಳಿ ಅವ. ಹದಿನೇಳಕ್ಕ ಸರಿ ಕೂಡ್ತಾವೇನ್ರಿ? ಕಾಗದದಾಗ ನೋಡ್ರಿ ಸ್ವಲ್ಪ" ಎಂದ.

"ಕೂಡ್ತಾವ. ನೂರಾ ಮೂವತ್ತಾರು ಸಲ. ಇದು ನಿಂಗ ಗೊತ್ತಿಲ್ಲೇನು?"

"ಗೊತ್ತದ ಅನಸ್ತದ್ರಿ. ಆದ್ರ ಆವತ್ತೂ ಗೊತ್ತದ ಅಂತೇ ಅನಸಿತ್ತು."

ಮರುದಿನ ಇನ್ನೊಂದು ಕೇಳಿದ. ಅದರ ಮರುದಿನ ಇನ್ನೊಂದು. ಯಾರಾದರೂ ಪಾಸು ಚಾಚಿದರೆ, "ಸಾಹೇಬ್ರಿಗೆ ಕೇಳ್ರಿ, ನಂದು ಕೈ ಲೆಕ್ಕ" ಎನ್ನುತ್ತಿದ್ದ. ಹೆಬ್ಬೆರಳು ಬೆರಳುಗಳ ಮೇಲೆ ಓಡುವುದು ನಿಂತಿತ್ತು. ಪಾಸುಗಳೆಲ್ಲ ಮತ್ತೆ ಕಿಟಕಿಗೆ ಬರುತ್ತಿದ್ದವು. ವಿರುಪಾಕ್ಷಪ್ಪ ಬಯಸಿದ್ದು ಇದನ್ನೇ. ಬಂದ ಮೇಲೆ ಅದು ಬಾಡಿಗೆಯ ಅಂಗಿಯಂತೆ ಮೈಗೆ ಕೂರಲಿಲ್ಲ.

ಇದರ ನಡುವೆ ಇನ್ನೊಂದು ಕಾಟ ಶುರುವಾಯಿತು. ನಿಜವಾದ ಉತ್ತರ ಅವನ ತಲೆಯಲ್ಲೇ ಉಳಿದುಬಿಟ್ಟಿತ್ತು. ಐವತ್ತೆಂಟು ಲಕ್ಷ ಎಂಬತ್ತೆರಡು ಸಾವಿರದ ಮುನ್ನೂರ ಐವತ್ತಮೂರು. ಟೈಮ್ ಆಫೀಸಿನಲ್ಲಿ ರದ್ದಾದ ಕಾರ್ಡುಗಳ ಹಿಂದೆ ಅದನ್ನು ಬರೆದು ಒಡೆಯಲು ಕೂತ. ಈ ಸಲ ನೂರಕ್ಕೆ ನಿಲ್ಲಿಸಲಿಲ್ಲ. ಮೂರು ವಾರ, ಊಟದ ಬಿಡುವಿನಲ್ಲಿ, ಎರಡು ಸಾವಿರದ ನಾಲ್ಕುನೂರರ ಆಚೆಯವರೆಗೆ ಒಂದನ್ನೂ ಬಿಡದೆ ನೋಡಿದ. ಒಡೆಯಲಿಲ್ಲ. ಇದು ಮಾತ್ರ ಖರೇನೇ ಗಟ್ಟಿ.

ಒಡೆಯದಿದ್ದಾಗ ಕತ್ತರಿಸುವುದು ಅವನ ಹಳೆಯ ಚಾಳಿ. ಐದುನೂರ ಎಂಬತ್ತೆಂಟು ಒಂದು ಕಡೆ, ಎರಡು ಸಾವಿರದ ಮುನ್ನೂರ ಐವತ್ತಮೂರು ಇನ್ನೊಂದು ಕಡೆ. ಎರಡರ ವರ್ಗ ಮಾಡಿದ. ಮೊದಲನೆಯದು ಮೂರು ಲಕ್ಷ ನಲವತ್ತೈದು ಸಾವಿರದ ಏಳುನೂರ ನಲವತ್ತನಾಲ್ಕು. ಎರಡನೆಯದು ಐವತ್ತೈದು ಲಕ್ಷ ಮೂವತ್ತಾರು ಸಾವಿರದ ಆರುನೂರ ಒಂಬತ್ತು. ಕೂಡಿಸಿದ.

ಐವತ್ತೆಂಟು ಲಕ್ಷ ಎಂಬತ್ತೆರಡು ಸಾವಿರದ ಮುನ್ನೂರ ಐವತ್ತಮೂರು.

ಕಾರ್ಡನ್ನು ತಿರುಗಿಸಿ ಇಟ್ಟ. ನೀರು ಕುಡಿದು ಬಂದ. ಮತ್ತೆ ಕೂಡಿಸಿದ. ಅದೇ ಬಂತು. ಎರಡು ತುಂಡಾಗಿ ಕತ್ತರಿಸಿದ ಸಂಖ್ಯೆ, ತುಂಡುಗಳು ತಮ್ಮನ್ನೇ ತಾವು ಗುಣಿಸಿಕೊಂಡು ಬಂದು ಒಂದಕ್ಕೊಂದು ಸೇರಿದರೆ, ಮತ್ತೆ ಇಡಿಯಾಗಿ ಎದುರು ನಿಂತಿತ್ತು. ಇಷ್ಟು ಚಂದದ್ದನ್ನು ಅವನು ತನ್ನ ಜೀವಮಾನದಲ್ಲಿ ಕಂಡಿರಲಿಲ್ಲ.

ಯಾರಿಗೆ ಹೇಳುವುದು? ಪಾರವ್ವನಿಗೆ ಹೇಳಿದ. ಅವಳು ಒಗೆದ ಅಂಗಿ ಹಿಂಡುತ್ತ ಪೂರ್ತಿ ಕೇಳಿ, "ಛಲೋ ಆತು, ಕಳಕೊಂಡಿದ್ದು ಸಿಕ್ಕಂಗಾತು. ಇನ್ನ ಈ ಹಗ್ಗದ ತುದಿ ಹಿಡೀರಿ" ಎಂದಳು. ಡಬ್ಬಿಯಲ್ಲಿ ಹೇಳಿದರೆ ಮೊದಲ ಪ್ರಶ್ನೆಯೇ, ಈ ನಂಬರು ನಿಮಗೆ ಎಲ್ಲಿ ಸಿಕ್ಕಿತು? ಹತ್ತು ಕೋಟಿ ಒಂದರ ಹೊಟ್ಟೆಯಲ್ಲಿ. ಹದಿನೇಳರಿಂದ ಭಾಗಿಸಿದಾಗ. ಹೃಷೀಕೇಶ ಬ್ಯಾಂಕಿನವನು, ಎರಡೇ ನಿಮಿಷಕ್ಕೆ ಹಿಂದಕ್ಕೆ ಗುಣಿಸಿ ನೋಡುತ್ತಾನೆ. ಅದರ ಚಂದ ನಿಜವಾಗಿ ತಿಳಿಯಬಲ್ಲವನು ಇಡೀ ಗಾಡಿಯಲ್ಲಿ ಒಬ್ಬನೇ. ಎದುರಿಗೆ ಹಿಡಿಗೆ ಜೋತುಕೊಂಡು, ಈಗ ಬೆರಳು ಎಣಿಸದೆ, ಕಿಟಕಿಯಾಚೆ ನೋಡುತ್ತಿದ್ದ.

ದಸರೆಯ ಹಿಂದಿನ ದಿನ ಡಬ್ಬಿಯ ಪೂಜೆ. ವರ್ಷಪೂರ್ತಿ ಹೊತ್ತ ಗಾಡಿಗೆ ಅದನ್ನೇ ನಂಬಿದವರು ಮಾಡುವ ಪೂಜೆ. ಬಾಗಿಲಿಗೆ ಚೆಂಡು ಹೂವಿನ ಮಾಲೆ, ಹಿಡಿಗಳಿಗೆ ಬಣ್ಣದ ಕಾಗದ, ಕಿಟಕಿಯ ಸರಳಿಗೆ ದೇವಿಯ ಪಟ. ಆವತ್ತು ಕಿಟಕಿಯ ಜಾಗ ದೇವಿಗೆ. ವಿರುಪಾಕ್ಷಪ್ಪನೂ ಎಲ್ಲರಂತೆ ನಿಂತಿರುತ್ತಿದ್ದ. ಆರತಿಯಾಯಿತು. ಗುಣಪಾಲ ಪೇಢೆಯ ಪೆಟ್ಟಿಗೆ ಹಿಡಿದು ನಡೆದ.

"ಸೈದಪ್ಪ, ಇನ್ನೊಂದು ತಗೊಳ್ಳಿ. ಅಷ್ಟು ಲೆಕ್ಕ ಹೇಳ್ತಾ ಇದ್ದೋರು ಈಗ ಬಾಯಿಯೇ ಬಿಡುವುದಿಲ್ಲವಲ್ಲ ನೀವು!"

"ಲೆಕ್ಕ ಕಾಗದದವ್ರದ್ರಿ. ನಮ್ದೇನದ."

ವಿರುಪಾಕ್ಷಪ್ಪನ ಜೇಬಿನಲ್ಲಿ ಆ ಕಾರ್ಡು ಇತ್ತು. ಮೂರು ವಾರದಿಂದ ಇತ್ತು. ಅವನನ್ನು ಮಾತಾಡಿಸಿದ್ದು ಪಶ್ಚಾತ್ತಾಪ ಎಂದರೆ ಅವನಿಗೆ ಇಲ್ಲದ ದೊಡ್ಡತನ ಕೊಟ್ಟಂತಾಗುತ್ತದೆ. ಪಶ್ಚಾತ್ತಾಪ ಇತ್ತು, ಆದರೆ ಅದಕ್ಕಿಂತ ಆಸೆ ಹೆಚ್ಚಿತ್ತು. ಇದನ್ನು ತೋರಿಸಬೇಕು, ಅವನಿಗೇ ತೋರಿಸಬೇಕು, ಅವನ ಕಣ್ಣು ಅರಳುವುದನ್ನು ನೋಡಬೇಕು.

"ಸೈದಪ್ಪ," ಎಂದ. "ಹದಿನೇಳು ಹೋಗ್ತದ."

"ಏನ್ರಿ?"

"ಹತ್ತು ಕೋಟಿ ಒಂದಕ್ಕ. ನಿನ್ನ ಲೆಕ್ಕ ಖರೆ ಇತ್ತು. ನಾ ಒಂಬತ್ತು ಬರಿಯೂ ಕಡೆ ಎಂಟು ಬರದೆ."

"ತಪ್ಪಿ ಬರದಿರಿ," ಎಂದ ಹೃಷೀಕೇಶ ಮೆಲ್ಲಗೆ, ಅವನಿಗೊಂದು ದಾರಿ ಬಿಡುವವನಂತೆ.

ವಿರುಪಾಕ್ಷಪ್ಪನಿಗೆ ಆ ದಾರಿ ಕಂಡಿತು. "ಇಲ್ಲ. ನೋಡೇ ಬರದೆ" ಎಂದ.

ಜಾಂಗಟೆ ಹಿಡಿದವನ ಕೈ ನಿಂತಿತು. ಗುಣಪಾಲ ಪೇಢೆಯ ಪೆಟ್ಟಿಗೆಯ ಮುಚ್ಚಳ ಹಾಕಿದ. ಸೈದಪ್ಪ ತನ್ನ ಬಲಗೈ ಬೆರಳುಗಳನ್ನು ನೋಡಿಕೊಳ್ಳುತ್ತಿದ್ದ. "ಎರಡು ತಿಂಗಳಾತ್ರಿ," ಎಂದ. "ಎರಡು ತಿಂಗಳಿಂದ ಒಂದೊಂದು ಹಾಸು ಮೂರು ಮೂರು ಸಲ ಎಣಸಾಕತ್ತೀನಿ. ಮೇಸ್ತ್ರಿ ಬಾಯಿಗಿ ಬಂದಂಗ ಬೈತಾನ." ದನಿ ಏರಿರಲಿಲ್ಲ.

ವಿರುಪಾಕ್ಷಪ್ಪ ಕಾರ್ಡು ತೆಗೆದು ಅವನ ಕೈಗಿಟ್ಟ. ನಾಚಿಕೆಯಿಂದ ಮುಖ ಸುಡುತ್ತಿದ್ದರೂ ಬೆರಳು ತಾನಾಗಿ ಅಂಕಿಗಳನ್ನು ತೋರಿಸತೊಡಗಿತು. "ಇದು ಅದರ ಹೊಟ್ಟಿಯೊಳಗಿಂದ ಬಂದದ್ದು. ಈ ತುಂಡು, ಈ ತುಂಡು. ಇದನ್ನ ಇದರಲೆ ಗುಣಸು. ಇದನ್ನ ಇದರಲೆ. ಎರಡೂ ಕೂಡಸು."

ಸೈದಪ್ಪನ ಹೆಬ್ಬೆರಳು ಬಹಳ ದಿನಗಳ ಮೇಲೆ ಗೆರೆಗಳ ಮೇಲೆ ಓಡಿತು. ಗಾಡಿ ಮುಂಬ್ರಾ ದಾಟಿತು. ಅವನ ಮುಖ ನಿಧಾನವಾಗಿ ಬದಲಾಯಿತು. ಕೋಪ ಎಲ್ಲಿಯೋ ಬದಿಗೆ ಸರಿದು ಕೂತು ಕೆಲಸಕ್ಕೆ ಜಾಗ ಬಿಟ್ಟಂತೆ ಇತ್ತು.

"ಹೌದಲ್ರಿ!" ಎಂದ. ಕಣ್ಣು ಅರಳಿದವು. ವಿರುಪಾಕ್ಷಪ್ಪನ ಎದೆಯೂ ಅರಳಿತು, ಒಂದು ಗಳಿಗೆ. "ಇದಕ್ಕೊಬ್ಬ ತಮ್ಮ ಅದಾನ್ರಿ ಸಾಹೇಬ್ರ."

"ತಮ್ಮ?"

"ಹನ್ನೆರಡು ನೂರಾ ಮೂವತ್ತಮೂರು. ಭಿವಂಡಿಯಾಗ ಒಮ್ಮಿ ಅಷ್ಟು ಕೋನ್ ಬಂದಿದ್ವು. ಚೌಕ ಮಾಡಿ ನಿಂದ್ರಸು ಅಂದ್ರು. ಮೂವತ್ತಮೂರಕ್ಕ ಮೂವತ್ತಮೂರರ ಚೌಕ ಮಾಡಿದೆ. ಉಳದದ್ದು ಹನ್ನೆರಡಕ್ಕ ಹನ್ನೆರಡರ ಚೌಕ, ಒಂದೂ ಮಿಗಲಿಲ್ಲ. ಅಲ್ಲ, ಲೆಕ್ಕದ ಹೆಸರಾಗೂ ಹನ್ನೆರಡು ಮೂವತ್ತಮೂರು, ನೆಲದ ಮ್ಯಾಲೂ ಹನ್ನೆರಡು ಮೂವತ್ತಮೂರು! ಯಾರಿಗಿ ಹೇಳ್ಲಿ ಅಂತ ಸುಮ್ಮನಿದ್ದೆ."

ಅವನಿಗೂ ಹೇಳಲು ಯಾರೂ ಇರಲಿಲ್ಲ. ಅದು ವಿರುಪಾಕ್ಷಪ್ಪನಿಗೆ ಹೊಳೆಯಿತು; ಹೊಳೆದರೂ ಅದಕ್ಕಿಂತ ಮೊದಲು, ಅದಕ್ಕಿಂತ ಜೋರಾಗಿ, ಹಳೆಯ ಮುಳ್ಳು ಹಳೆಯ ಜಾಗದಲ್ಲೇ ಚುಚ್ಚಿತು. ತಾನು ಮೂರು ವಾರ ಬೆವರಿ, ಮರ್ಯಾದೆಯನ್ನು ಅಡವಿಟ್ಟು ತಂದದ್ದನ್ನು ಇವನು ವರ್ಷಗಳ ಹಿಂದೆ ನೆಲದ ಮೇಲೆ ಜೋಡಿಸಿಟ್ಟು ಎದ್ದು ಬಂದಿದ್ದಾನೆ.

ದಸರೆ ಕಳೆದ ಮರುದಿನ ಡೊಂಬಿವಲಿಯಲ್ಲಿ ಗಾಡಿ ಬಂತು. ಮೂರನೆಯ ಡಬ್ಬಿಯಲ್ಲಿ ಕಿಟಕಿಯ ಪಕ್ಕ ಸೈದಪ್ಪ ಕೂತಿದ್ದ. ಮಾತಿನಂತೆ ನಿಲ್ಲಲೆಂದು ವಿರುಪಾಕ್ಷಪ್ಪ ಮೇಲಿನ ಹಿಡಿಗೆ ಕೈ ಹಾಕಿದ. ಯಾರೂ ಅವನತ್ತ ಪಾಸು ಚಾಚಲಿಲ್ಲ. ಹೃಷೀಕೇಶ ಪೇಪರು ಓದುತ್ತಿದ್ದ. ಅದರ ಮೇಲಂಚಿನಿಂದ ಒಮ್ಮೆ ನೋಡಿ ಕಣ್ಣು ಇಳಿಸಿದ. ದಿವಾ ಬಂತು, ಹೋಯಿತು.

ವಿರುಪಾಕ್ಷಪ್ಪ ಬಗ್ಗಿದ. "ಸೈದಪ್ಪ. ಎಂಬತ್ತೆಂಟು ನೂರಾ ಮೂವತ್ತಮೂರು."

ದಸರೆಯ ರಜೆಯಲ್ಲಿ ಹುಡುಕಿದ್ದು. ಹನ್ನೆರಡನ್ನು ನೂರರಿಂದ ಕಳೆದು, ಎಂಬತ್ತೆಂಟು ಮಾಡಿ, ಅದರ ವರ್ಗಕ್ಕೆ ಮೂವತ್ತಮೂರರ ವರ್ಗ ಸುಮ್ಮನೆ ಕೂಡಿಸಿ ನೋಡಿದ್ದ. ಅದೂ ಇಡಿಯಾಗಿ ಎದ್ದು ನಿಂತಿತ್ತು.

ಸೈದಪ್ಪ ಕಿಟಕಿಯಿಂದ ಮುಖ ತಿರುಗಿಸಿ ಅವನನ್ನು ಒಂದು ಗಳಿಗೆ ನೋಡಿದ. ಆಮೇಲೆ ಹೆಬ್ಬೆರಳು ಮೊದಲ ಗೆರೆಯ ಮೇಲೆ ಬಂತು. ಎಂಬತ್ತೆಂಟೆಂಬತ್ತೆಂಟ್ಲೆ. ತುಟಿ ಅಲ್ಲಾಡಿತು. ವಿರುಪಾಕ್ಷಪ್ಪ ಹಿಡಿಯನ್ನು ಬಿಗಿಯಾಗಿ ಹಿಡಿದು ಆ ತುಟಿಯನ್ನೇ ನೋಡುತ್ತ ನಿಂತ. ಕಿಟಕಿ ಹೋದರೆ ಹೋಗಲಿ. ಇದೊಂದು ಇವನಿಗೆ ಮೊದಲೇ ಗೊತ್ತಿರದೆ ಇರಲಿ, ದೇವರೇ, ಇದೊಂದು.